ಮೇಸ್ತ್ರಿ ಕೂತಲ್ಲಿ ಕೆಂಪು ಬಟ್ಟೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಡಿನ ಗೇಟಿನ ಬಳಿ ನಿಂತರೆ ಮೊದಲು ಕೇಳಿಸುವುದು ತೊರೆಯ ಸದ್ದು, ಆಮೇಲೆ ಬೀಗದ ಕೈ ಗೊಂಚಲಿನ ಸದ್ದು, ಅದರ ಹಿಂದೆಯೇ ದವಡೆ ಕಳಚಿಬೀಳುವಂಥ ಒಂದು ಆಕಳಿಕೆ. ಆಕಳಿಸಿದ್ದು ನಾಯಿ. ಒದ್ದೆ ಮಣ್ಣಿನ ಬಣ್ಣದ ಮೈ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿಟ್ಟ ಕರವಸ್ತ್ರದ ಹಾಗೆ. ಮೂತಿ ಮಾತ್ರ ಹಿಟ್ಟಿನ ಡಬ್ಬಿಯೊಳಗೆ ಹಾಕಿ ತೆಗೆದಂತೆ ಬೆಳ್ಳಗಾಗಿದೆ. ಪಕ್ಕದಲ್ಲಿ ಬೀಗ ತೆಗೆಯುತ್ತಿರುವ ಹೆಂಗಸಿನ ಹೆಗಲ ಮೇಲೆ ಹಾರೆ, ಸೊಂಟದಲ್ಲಿ ಮಚ್ಚು. ಮಚ್ಚಿನ ಪಕ್ಕ ಸಿಕ್ಕಿಸಿಕೊಂಡ ಕೆಂಪು ಬಟ್ಟೆಯ ಎರಡು ಪಟ್ಟಿಗಳು ಗಾಳಿಗೆ ಅಲ್ಲಾಡುತ್ತಿವೆ.

"ಬಾಯಿ ಮುಚ್ಕೊಳೋ," ಎನ್ನುತ್ತಾರೆ ಅವರು ನಾಯಿಗೆ. "ಇವತ್ತು ಸಾಹೇಬ್ರು ಬರ್ತಾರೆ. ಅವರ ಮುಂದೆ ಹೀಗೆ ಆಕಳಿಸ್ತಾ ಕೂತ್ರೆ ನಿನ್ನ ಕಥೆ ಮುಗೀತು."

ಈ ದಾರಿಯಲ್ಲಿ ನಡೆಯಲು ಬರುವವರಿಗೆಲ್ಲ ಅವರು ದಾರಿಯಕ್ಕ. ನಾಯಿ ಮೇಸ್ತ್ರಿ. ಆ ಹೆಸರು ಯಾಕೆ ಎಂದು ಕೇಳಿದರೆ ದಾರಿಯಕ್ಕ, ಇಷ್ಟೂ ಗೊತ್ತಾಗಲ್ಲವೇ ಎಂಬಂತೆ ನೋಡುತ್ತಾರೆ. "ಕಲ್ಲು ಹೊರೋಳು ನಾನು, ಮಣ್ಣು ತುಂಬೋಳು ನಾನು, ಬಿದ್ದ ಕೊಂಬೆ ಎಳೆಯೋಳು ನಾನು. ಇವನು ಒಂದು ಕಡೆ ಕೂತ್ಕೊಂಡು ನೋಡ್ತಿರ್ತಾನೆ. ಮೇಸ್ತ್ರಿ ಅನ್ನದೆ ಇನ್ನೇನು ಅನ್ನಬೇಕು ಹೇಳಿ?"

ದಾರಿ ಗೇಟಿನಿಂದ ಹೊರಟು ತೊರೆಯ ಕೈ ಹಿಡಿದುಕೊಂಡೇ ಸುಮಾರು ಮೂರು ಕಿಲೋಮೀಟರ್ ಏರುತ್ತದೆ. ನಡುವೆ ಎರಡು ಕಡೆ ತೊರೆಯನ್ನು ದಾಟಬೇಕು. ಸೇತುವೆ ಇಲ್ಲ, ನೀರಿನಲ್ಲಿ ಸಾಲಾಗಿ ಹೂತ ಕಲ್ಲುಗಳಿವೆ, ದಾಟುಗಲ್ಲುಗಳು. ಕೊನೆಗೆ ಸಿಗುವುದು ಒಂದು ಪುಟ್ಟ ಜಲಪಾತ. "ಜಲಪಾತ ಅನ್ನೋಕೆ ನಂಗೇ ನಾಚಿಕೆ. ಯಾರೋ ಮೇಲ್ಗಡೆ ನಲ್ಲಿ ಬಿಟ್ಟು ಮರೆತು ಹೋದಂಗಿದೆ," ಎಂದು ದಾರಿಯಕ್ಕ ಮೊದಲೇ ಎಚ್ಚರಿಸುತ್ತಾರೆ. ಆದರೂ ಪಟ್ಟಣದ ಜನ ಬೆಳಗಾದರೆ ಬರುತ್ತಾರೆ. ಓಡುವವರು, ನಡೆಯುವವರು, ಸಕ್ಕರೆ ಕಾಯಿಲೆಯವರು, ಮನೆಯಲ್ಲಿ ಜಗಳವಾಡಿ ಬಂದವರು. ಅವರೆಲ್ಲ ಕಾಲಿಡುವ ಮೊದಲು ಪ್ರತಿದಿನ ಈ ಇಬ್ಬರು ದಾರಿ ನೋಡಿ ಬಂದಿರುತ್ತಾರೆ.

ಇಬ್ಬರು ಎಂದೇ ಹೇಳಬೇಕು. ಇವತ್ತು ಅವರ ಜೊತೆ ನಡೆಯಲು ಬಂದ ನಾನು ಮಾತಿನ ನಡುವೆ ಒಮ್ಮೆ "ಅದಕ್ಕೆ ಎಷ್ಟು ವಯಸ್ಸು?" ಎಂದೆ. "ಯಾವುದಕ್ಕೆ?" ಎಂದು ದಾರಿಯಕ್ಕ ಸುತ್ತಮುತ್ತ ಹುಡುಕಿದರು. ಅಲ್ಲಿಂದಾಚೆಗೆ ನನಗೂ ಮೇಸ್ತ್ರಿ ಅವನೇ.

ಅವನಿಗೆ ಈಗ ಹನ್ನೆರಡು ದಾಟಿದೆ. ಇವತ್ತಿನ ಚಿಂತೆಯ ಬೇರು ಅಲ್ಲಿದೆ. ಈ ಕಾಡಿನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿವೆ. ಅದಕ್ಕೇ ಸಾಕುನಾಯಿಗಳನ್ನು ಒಳಗೆ ಬಿಡುವುದಿಲ್ಲ. ಮೇಸ್ತ್ರಿಯೊಬ್ಬನಿಗೆ ಮಾತ್ರ ಅನುಮತಿ, ಅದೂ ಅವನು ಕೆಲಸದ ನಾಯಿ ಎಂಬ ಕಾರಣಕ್ಕೆ. ಅವನ ಕೈಯಲ್ಲಿ ಇನ್ನು ಆ ಕೆಲಸ ಆಗುವುದಿಲ್ಲ ಎಂದು ಮೇಲ್ವಿಚಾರಕರಿಗೆ ಅನುಮಾನ ಬಂದಿದೆ. ಇವತ್ತು ಅವರು ಜೊತೆಗೆ ನಡೆದು ನೋಡುತ್ತಾರೆ. ಆಗುವುದಿಲ್ಲ ಎಂದು ಕಂಡರೆ ನಾಳೆಯಿಂದ ಮೇಸ್ತ್ರಿ ಗೇಟಿನ ಆಚೆ.

"ಮನೇಲಿ ಬಿಟ್ಟು ಬನ್ನಿ ಅಂತಾರೆ. ಬಿಡಬಹುದು," ಎಂದು ದಾರಿಯಕ್ಕ ಗೇಟು ತಳ್ಳುತ್ತಾರೆ. "ಹೋದ ಸಲ ಇವನಿಗೆ ಜ್ವರ ಬಂದಾಗ ಒಂದು ದಿನ ಬಿಟ್ಟು ಬಂದಿದ್ದೆ. ಸಂಜೆ ಹೋಗಿ ನೋಡ್ತೀನಿ, ಬೆಳಿಗ್ಗೆ ಹಾಕಿದ ಅನ್ನ ಹಂಗೇ ಇದೆ. ನನ್ನ ಚಪ್ಪಲಿ ಬಿಡೋ ಜಾಗದಲ್ಲಿ ಮೂತಿ ಇಟ್ಕೊಂಡು ಮಲಗಿದಾನೆ. ಒಂದು ದಿನಕ್ಕೇ ಹಂಗಾದ್ರೆ ಪೂರ್ತಿ ಬಿಡು ಅಂದ್ರೆ?" ಅವರು ಮುಖದ ಮೇಲೆ ಏನೋ ಕೂತಂತೆ ಕೈಯಾಡಿಸಿಕೊಳ್ಳುತ್ತಾರೆ.

ನಿಜವಾಗಿಯೂ ಕೂತಿದೆ. ಜೇಡರ ಬಲೆ. ರಾತ್ರಿಯೆಲ್ಲ ಜೇಡಗಳು ದಾರಿಗೆ ಅಡ್ಡಲಾಗಿ ಒಂದು ಮರದಿಂದ ಇನ್ನೊಂದಕ್ಕೆ ನೇಯ್ದಿರುತ್ತವೆ. ಬೆಳಿಗ್ಗೆ ಮೊದಲು ಹೋದವರ ಮುಖಕ್ಕೆ ಅವೆಲ್ಲ ಮೀಸಲು. ದಾರಿಯಕ್ಕನ ಹುಬ್ಬು, ಕೂದಲು, ರವಿಕೆಯ ತೋಳಿನ ತುಂಬ ಸಣ್ಣ ಸಣ್ಣ ಎಳೆಗಳು ಮಿನುಗುತ್ತವೆ. "ಹಿಂದೆ ಬರೋರು ಅಂತಾರೆ, ಈ ಕಾಡಲ್ಲಿ ಒಂದು ಬಲೇನೂ ಇಲ್ಲ, ಎಷ್ಟು ಚೊಕ್ಕ ಅಂತ. ಎಲ್ಲಾ ನಾನು ಮುಖದಲ್ಲೇ ಗುಡಿಸಿರ್ತೀನಿ!"

ನನ್ನ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರ ಕಾಡು ಹೊಕ್ಕ ಎಂದರೆ ಹೊಕ್ಕ. ಏಳು ಕಾಡು ದಾಟಿದ ಎಂದರೆ ದಾಟಿದ. ದಾರಿಗೆ ಬಿದ್ದ ಮರವನ್ನು ಎಳೆದವರು ಯಾರು, ಹೊಳೆಯಲ್ಲಿ ಕಲ್ಲು ಹೂತವರು ಯಾರು ಎಂದು ಅಜ್ಜಿಯೂ ಹೇಳಲಿಲ್ಲ, ಹೊದಿಕೆಯೊಳಗಿಂದ ಕಣ್ಣು ಬಿಟ್ಟು ಕೇಳುತ್ತಿದ್ದ ನಾವೂ ಕೇಳಲಿಲ್ಲ. ದಾರಿಯಕ್ಕನ ಹಿಂದೆ ನಡೆಯುವಾಗ ಆ ರಾಜಕುಮಾರರ ಬಗ್ಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಒಬ್ಬನಾದರೂ ತಿರುಗಿ ನೋಡಿ, "ಅಕ್ಕಾ, ಕಾಲು ಜಾರಲಿಲ್ಲ," ಎನ್ನಬಾರದಿತ್ತೇ?

ದಾರಿಯಕ್ಕ ಹುಟ್ಟಿದ್ದೇನೂ ಕಾಡಿನಲ್ಲಲ್ಲ. ಮೊದಲು ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಕಿಟಕಿ ಇಲ್ಲದ ಕೋಣೆ, ಮೊಣಕಾಲೆತ್ತರದ ಹಂಡೆಗಳು. "ಅದರೊಳಗೆ ತಲೆ ಹಾಕಿ ಉಜ್ಜೋವಾಗ ನಾನೇ ಮಾತಾಡಿ ನಾನೇ ಕೇಳಿಸ್ಕೊತಿದ್ದೆ." ಇಲ್ಲಿ ಎಲೆ ಗುಡಿಸಲು ಒಬ್ಬರು ಬೇಕಂತೆ ಎಂದು ತಿಳಿದಾಗ ಮಳೆಗಾಲ ಮುಗಿಯುವ ತನಕ ಮಾಡಿ ನೋಡೋಣ ಎಂದು ಬಂದರು. ಗುಡಿಸಲು ಬಂದವರು ಬಿದ್ದ ಕೊಂಬೆಯನ್ನೂ ಎಳೆದರು, ಕೊಂಬೆ ಎಳೆದವರು ಕುಸಿದ ಮೆಟ್ಟಿಲಿಗೆ ಮಣ್ಣನ್ನೂ ತುಂಬಿದರು. ದಾರಿ ಹಾಗೇ ಒಂದೊಂದಾಗಿ ಅವರ ಹೆಗಲಿಗೆ ಬಂತು.

ಬಂದ ಮೊದಲ ವರ್ಷವೇ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಎಡಗಾಲಿನ ಹರಡು ಮುರಿಯಿತು. ಮೂಳೆ ಕೂಡಿತು, ನಂಬಿಕೆ ಕೂಡಲಿಲ್ಲ. "ಆವತ್ತಿಂದ ಈ ಕಾಲಿಗೆ ನೆಲ ಅರ್ಥ ಆಗಲ್ಲ. ಗಟ್ಟಿ ಇರೋದನ್ನ ಅಲ್ಲಾಡ್ತಿದೆ ಅನ್ನತ್ತೆ, ಅಲ್ಲಾಡೋದನ್ನ ಗಟ್ಟಿ ಅನ್ನತ್ತೆ. ಥೇಟ್ ನಮ್ಮ ನಾದಿನಿ ಥರ!" ಕೆಲಸ ಬಿಡುವುದೇ ಸರಿ ಎಂದುಕೊಂಡಿದ್ದಾಗ ಬಂದವನು ಮೇಸ್ತ್ರಿ. ಕಾವಲುಗಾರನ ಮನೆಯ ಹಿಂದೆ ಹುಟ್ಟಿದ ಮರಿಗಳಲ್ಲಿ ಉಳಿದುಹೋದ ಕೊನೆಯದು. ಕಿವಿ ಮಡಚಿದೆ ಎಂದು ಯಾರೂ ಒಯ್ದಿರಲಿಲ್ಲವಂತೆ.

ಒಂದು ಬೆಳಿಗ್ಗೆ ಎರಡನೆಯ ದಾಟುಗಲ್ಲಿನ ಸಾಲಿನಲ್ಲಿ ಮರಿ ಹಠಾತ್ತನೆ ಕೂತುಬಿಟ್ಟಿತು. ಎಳೆದರೆ ಬರಲಿಲ್ಲ, ಬೈದರೆ ಏಳಲಿಲ್ಲ. "ನೀನು ಕೂತ್ಕೋ ರಾಜ, ನಾನು ಹೋಗ್ತೀನಿ," ಎಂದು ದಾರಿಯಕ್ಕ ಅದನ್ನು ದಾಟಿ ಮುಂದಿನ ಕಲ್ಲಿನ ಮೇಲೆ ಕಾಲಿಟ್ಟರು. ಕಲ್ಲು ಮಗುಚಿತು, ಅವರು ಸೊಂಟದವರೆಗೆ ನೀರಿನಲ್ಲಿ! "ನಾನು ನೀರಲ್ಲಿ ನಿಂತು ಇವನ ಮುಖ ನೋಡ್ತೀನಿ. ಇವನು ನನ್ನ ಮುಖ ನೋಡ್ತಾನೆ. ಹೇಳಿದ್ನಲ್ಲ ಅನ್ನೋ ಥರ. ಆವತ್ತೇ ತೀರ್ಮಾನ ಮಾಡ್ಕೊಂಡೆ, ಇನ್ನು ನನ್ನ ಕಾಲಿನ ಮಾತು ಕೇಳಲ್ಲ, ಇವನ ಮಾತೇ ಕೇಳೋದು ಅಂತ."

ಹೀಗೆ ಶುರುವಾಯಿತು ಅವರಿಬ್ಬರ ಪದ್ಧತಿ. ಬೆಳಿಗ್ಗೆ ಏರುವಾಗ ಮೇಸ್ತ್ರಿ ಮುಂದೆ, ದಾರಿಯಕ್ಕ ಹಿಂದೆ. ಅಲ್ಲಾಡುವ ಕಲ್ಲು, ಒಳಗೊಳಗೇ ಟೊಳ್ಳಾದ ದಂಡೆ, ಕೊಳೆತು ಕುಂಬಾದ ಮರದ ಮೆಟ್ಟಿಲು, ಎಲ್ಲಿ ಪಾದಕ್ಕೆ ಅನುಮಾನ ಬಂತೋ ಅಲ್ಲಿ ಮೇಸ್ತ್ರಿ ಕೂರುತ್ತಾನೆ. ಅವನು ಕೂತಲ್ಲಿ ದಾರಿಯಕ್ಕ ಒಂದು ಕೆಂಪು ಪಟ್ಟಿ ಕಟ್ಟುತ್ತಾರೆ. ಕೆಂಪು ಬಟ್ಟೆ ಇದ್ದ ಕಡೆ ಬಳಸಿ ಹೋಗಬೇಕು ಎಂಬುದು ನಡೆಯುವವರಿಗೆಲ್ಲ ಗೊತ್ತು. ಇಳಿಯುವಾಗ ದಾರಿಯಕ್ಕ ಒಂದೊಂದೇ ಜಾಗ ರಿಪೇರಿ ಮಾಡಿ ಬಟ್ಟೆ ಬಿಚ್ಚಿಕೊಂಡು ಬರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಾಡಿನಲ್ಲಿ ಕೆಂಪು ಉಳಿಯಬಾರದು, ಅದು ಅವರ ಲೆಕ್ಕ.

ಬಟ್ಟೆ ಕೊಡುವವರು ಅವರ ಯಜಮಾನರು. ಅವರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ, ಗೋಡೆಗೆ ಅರ್ಧ ಹೊಲಿದ ಅಂಗಿಗಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚೂರುಗಳನ್ನು ತುಂಬಿದ ಒಂದು ಗೋಣಿಚೀಲವಿದೆ, ಅದು ಮೇಸ್ತ್ರಿಯ ಹಾಸಿಗೆ. ರಾತ್ರಿ ಅವನು ಮಗ್ಗುಲಾದಾಗ ಊರಿನವರ ಬಟ್ಟೆಯ ಬಣ್ಣಗಳೆಲ್ಲ ಒಂದೊಂದು ಚೂರು ಮೈಗೆ ಅಂಟಿಕೊಂಡಿರುತ್ತವೆ.

ಏನೋ ತಪ್ಪಾಗಿದೆ ಎಂದು ಮೊದಲು ಕಂಡುಕೊಂಡವರೂ ಯಜಮಾನರೇ. ಮೊದಲೆಲ್ಲ ಒಂದು ಹಿಡಿ ಕೆಂಪು ಪಟ್ಟಿ ಕತ್ತರಿಸಿ ಕೊಟ್ಟರೆ ವಾರಗಟ್ಟಲೆ ಬರುತ್ತಿತ್ತು. ಈ ವರ್ಷ ಎಷ್ಟು ಕತ್ತರಿಸಿದರೂ ಸಾಲದು.

"ಏನೇ, ಕಾಡಿಗೆ ಲಂಗ ಹೊಲಿಸ್ತಿದ್ದೀಯಾ?" ಎಂದರಂತೆ ಅವರು.

"ಹೊಲಿಸಿದ್ರೆ ನಿಮ್ಮ ಹತ್ರ ಹೊಲಿಸ್ತೀನಾ? ಅಳತೆಗೆ ಸರಿ ಬರಬೇಕಲ್ಲ," ಎಂದರಂತೆ ಇವರು.

ತಮಾಷೆಗೆ ಆಡಿದ ಮಾತು ಮರುದಿನ ಕಾಡಿನಲ್ಲಿ ಮುಳ್ಳಿನ ಹಾಗೆ ಚುಚ್ಚಿತು. ದಾರಿಯಕ್ಕ ಆವತ್ತು ಮೇಸ್ತ್ರಿಯನ್ನು ಸರಿಯಾಗಿ ನೋಡಿದರು. ಅವನು ಒಂದು ಏರಿನ ತುದಿಯಲ್ಲಿ ಕೂತಿದ್ದಾನೆ. ನಾಲಿಗೆ ಹೊರಗಿದೆ. ಪಕ್ಕೆಗಳು ತಿದಿಯಂತೆ ಏಳುತ್ತ ಬೀಳುತ್ತ ಇವೆ. ಹಾರೆ ಹಾಕಿ ಮೀಟಿದರೆ ಕೆಳಗಿನ ಮೆಟ್ಟಿಲು ಬಂಡೆಯಂತೆ ಗಟ್ಟಿ.

ಅವನು ಕೂತದ್ದು ಸುಸ್ತಾಗಿ!

"ಎಷ್ಟು ತಿಂಗಳಿಂದ ಹಂಗೆ ಕೂರ್ತಿದ್ನೋ. ನಾನು ಕಟ್ತಾನೇ ಬಂದೆ." ಕಟ್ಟಿದ್ದಷ್ಟೇ ಅಲ್ಲ. ಇಳಿಯುವಾಗ ಆ ಗಟ್ಟಿ ಕಲ್ಲುಗಳನ್ನೇ ಕಿತ್ತು, ಅಡಿಗೆ ಹೊಸ ಜಲ್ಲಿ ತುಂಬಿ, ಮತ್ತೆ ಹೂತು ಬಂದಿದ್ದಾರೆ. ಮೇಸ್ತ್ರಿ ಕೂತಿದ್ದಾನೆಂದ ಮೇಲೆ ಏನೋ ಇರಲೇಬೇಕಲ್ಲ! ರಿಪೇರಿ ಮುಗಿಯದ ಬಟ್ಟೆಗಳು ಮಧ್ಯಾಹ್ನವಾದರೂ ಉಳಿಯತೊಡಗಿದವು, ಮರುದಿನಕ್ಕೆ ಅವುಗಳ ಜೊತೆ ಇನ್ನಷ್ಟು. ಕಟ್ಟುವ ಮೊದಲು ಒಮ್ಮೆ ಮೀಟಿ ನೋಡಬಾರದಿತ್ತೇ ಎಂದು ಕೇಳಿದರೆ ಅವರ ದನಿ ಸಣ್ಣದಾಗುತ್ತದೆ. "ಇಷ್ಟು ವರ್ಷ ಒಂದು ಸುಳ್ಳು ಹೇಳದೇ ಇದ್ದೋನನ್ನ ಯಾರಾದ್ರೂ ಪರೀಕ್ಷೆ ಮಾಡ್ತಾರಾ ಮಗಳೇ?"

ಅಷ್ಟರಲ್ಲಿ ದೂರು ಹೋಗಿತ್ತು. ಬಿಳಿ ಶೂ ಹಾಕಿಕೊಂಡು ಓಡುವವರೊಬ್ಬರು ಕೆಂಪು ಬಟ್ಟೆ ಕಂಡು, ಗಟ್ಟಿಯಾಗಿದ್ದ ಕಲ್ಲನ್ನು ಬಿಟ್ಟು ಅದರಾಚೆಗೆ ಹಾರಿ, ಕೆಸರಿನಲ್ಲಿ ಮೊಣಕಾಲವರೆಗೆ ಹೂತುಹೋದರಂತೆ. ಮೇಲ್ವಿಚಾರಕರು ವಿಚಾರಿಸಿದರು. ದಾರಿಯಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಾಗಾಗಿ ಇವತ್ತಿನ ಈ ನಡಿಗೆ.

ಮೇಲ್ವಿಚಾರಕರು ಬರುತ್ತಾರೆ. ಇಸ್ತ್ರಿ ಹಾಕಿದ ಪ್ಯಾಂಟು, ಹೊಸ ಶೂ. ಕೆಟ್ಟವರಲ್ಲ. ಮೇಸ್ತ್ರಿಯ ತಲೆ ಸವರಿ "ಏನಪ್ಪಾ, ಹೇಗಿದ್ದೀಯಾ?" ಎನ್ನುತ್ತಾರೆ. ಮೇಸ್ತ್ರಿ ಅವರ ಮುಖಕ್ಕೇ ಆಕಳಿಸುತ್ತಾನೆ. ದಾರಿಯಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಮೊದಲ ದಾಟುಗಲ್ಲು ಸಲೀಸು. ಮೇಸ್ತ್ರಿ ಮುಂಗಾಲು ಊರಿ, ತಡೆದು, ಹಿಂಗಾಲು ತಂದು ಅಜ್ಜನ ಹಾಗೆ ನಿಧಾನವಾಗಿ ದಾಟುತ್ತಾನೆ. ಅಲ್ಲಿಂದ ಸ್ವಲ್ಪ ಮುಂದೆ ಹೋಗಿ ಒಂದು ತಿರುವಿನಲ್ಲಿ ಕೂರುತ್ತಾನೆ. ಮೇಲ್ವಿಚಾರಕರು ಹಾರೆ ಇಸಿದುಕೊಂಡು ಮೀಟುತ್ತಾರೆ. ದಂಡೆಯ ಮಣ್ಣು ದಬಕ್ಕನೆ ಒಳಗೆ ಕುಸಿಯುತ್ತದೆ.

"ನೋಡಿದ್ರಾ!" ದಾರಿಯಕ್ಕನ ಮುಖ ಊರಗಲವಾಗುತ್ತದೆ. ಕೆಂಪು ಬಟ್ಟೆ ಕಟ್ಟುವಾಗ ಗಂಟಿಗೆ ಬೇಕಾದದ್ದಕ್ಕಿಂತ ಜಾಸ್ತಿ ಜೋರು.

ಆದರೆ ಮುಂದಿನ ಏರಿನಲ್ಲಿ ಅವನು ಮತ್ತೆ ಕೂರುತ್ತಾನೆ. ಮೀಟಿದರೆ ಗಟ್ಟಿ. ಜರೀಗಿಡಗಳ ಹತ್ತಿರ ಕೂರುತ್ತಾನೆ. ಅದೂ ಗಟ್ಟಿ. ಎರಡನೆಯ ದಾಟುಗಲ್ಲಿಗೆ ಬಂದಾಗ ದಂಡೆಯ ಮೇಲೆ ಕೂತವನು ಏಳುವುದೇ ಇಲ್ಲ. ಮೇಲ್ವಿಚಾರಕರು ಒಂದೊಂದೇ ಕಲ್ಲಿಗೆ ಹಾರೆ ಹಾಕಿ, ಇಡೀ ಭಾರ ಬಿಟ್ಟು, ಆ ಕಡೆಯಿಂದ ಈ ಕಡೆಯಿಂದ ಮೀಟುತ್ತಾರೆ. ಎಲ್ಲವೂ ಗಟ್ಟಿ. ಅವರು ತಿರುಗಿ ದಾರಿಯಕ್ಕನನ್ನು ನೋಡುತ್ತಾರೆ.

"ಸುಸ್ತು ಸರ್," ಎನ್ನುತ್ತಾರೆ ದಾರಿಯಕ್ಕ ತಾವಾಗಿಯೇ. "ಕಲ್ಲು ಸರಿ ಇದೆ. ಇವನಿಗೆ ಸುಸ್ತು."

ಅದನ್ನು ಹೇಳುವಾಗ ಅವರು ನಾಯಿಯ ಕಡೆ ನೋಡುವುದಿಲ್ಲ.

ಇಷ್ಟರಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಮೇಲ್ವಿಚಾರಕರ ಶೂ ಲೇಸು. ಮೊದಲ ಏರಿನಲ್ಲಿ ಮೇಸ್ತ್ರಿ ಕೂತಾಗ ಅದು ಬಿಚ್ಚಿಕೊಂಡಿತು, ಅವರು ಪಕ್ಕದ ಕಲ್ಲಿನ ಮೇಲೆ ಕೂತು ಕಟ್ಟಿಕೊಂಡರು. ಜರೀಗಿಡಗಳ ಹತ್ತಿರ ಮೇಸ್ತ್ರಿ ಕೂತಾಗ ಇನ್ನೊಂದು ಕಾಲಿನದು ಬಿಚ್ಚಿಕೊಂಡಿತು. ದಾಟುಗಲ್ಲಿನ ದಂಡೆಯಲ್ಲಿ ಎರಡೂ! ಪ್ರತಿ ಸಲವೂ ಕಟ್ಟಿಕೊಳ್ಳಲು ಹಿಡಿಯುವ ಹೊತ್ತು ಹಿಂದಿನದಕ್ಕಿಂತ ಹೆಚ್ಚು. ಹಣೆಯಲ್ಲಿ ಬೆವರು. "ಹೊಸ ಶೂ ನೋಡಿ, ಲೇಸು ನಿಲ್ಲಲ್ಲ," ಎನ್ನುತ್ತಾರೆ. ದಾರಿಯಕ್ಕ ನನ್ನ ಕಡೆ ನೋಡಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ. ಒರೆಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಜಲಪಾತಕ್ಕೆ ಮುಂಚಿನ ಕೊನೆಯ ಏರಿನಲ್ಲಿ ಒಂದು ದೊಡ್ಡ ಮರವಿದೆ. ಅದರ ಬೇರುಗಳು ನೆಲದಿಂದೆದ್ದು ಕೂರುವ ಎತ್ತರಕ್ಕೆ ಬಂದು ಮತ್ತೆ ಮಣ್ಣಿಗಿಳಿದಿವೆ. ಕೆಳಗೆ ತೊರೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಎಲೆಗಳ ನಡುವಿನಿಂದ ಬಂದ ಬೆಳಗಿನ ಬಿಸಿಲು ನೀರಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು ಮರದ ಕಾಂಡದ ಮೇಲೆ ಕುಣಿಯುತ್ತದೆ. ಮೇಸ್ತ್ರಿ ಆ ಬೇರಿನ ಪಕ್ಕ ಧೊಪ್ಪನೆ ಕೂರುತ್ತಾನೆ. ಮೇಲ್ವಿಚಾರಕರ ಲೇಸು ಬಿಚ್ಚಿಕೊಳ್ಳುತ್ತದೆ.

"ನೋಡಮ್ಮ," ಎನ್ನುತ್ತಾರೆ ಅವರು ಬೇರಿನ ಮೇಲೆ ಕೂತು, ಏದುಸಿರು ಬಿಡುತ್ತ. "ನಂಗೂ ಬೇಜಾರು. ಆದ್ರೆ ಇವನು ಯಾಕೆ ಕೂತ ಅಂತ ಇನ್ನು ಹೇಳೋಕಾಗಲ್ಲ. ಜನ ನಂಬಿ ಕಾಲಿಡ್ತಾರೆ. ಕೆಲಸ ಮಾಡದ ನಾಯಿನ ಒಳಗೆ ಬಿಟ್ರೆ ನಾಳೆ ಎಲ್ಲರೂ ಅವರವರ ನಾಯಿ ತರ್ತಾರೆ. ಮನೇಲಿ ಬಿಡಿ. ಚೆನ್ನಾಗಿ ನೋಡ್ಕೊಳಿ."

"ಆಯ್ತು ಸರ್," ಎನ್ನುತ್ತಾರೆ ದಾರಿಯಕ್ಕ. ಸೊಂಟದಲ್ಲಿ ಉಳಿದ ಒಂದೇ ಒಂದು ಕೆಂಪು ಪಟ್ಟಿಯನ್ನು ಹೊರಗೆಳೆದು, ಸುರುಳಿ ಸುತ್ತಿ, ಮತ್ತೆ ಬಿಚ್ಚುತ್ತಾರೆ. ಮೇಸ್ತ್ರಿ ಅವರ ಕಾಲಿನ ಮೇಲೆ ಮೂತಿ ಇಡುತ್ತಾನೆ. ಎಡಗಾಲಿನ ಮೇಲೆ, ಮುರಿದು ಕೂಡಿದ ಹರಡಿನ ಮೇಲೆ.

ಆಗ ಕೆಳಗಿನಿಂದ ಕೋಲೂರುವ ಸದ್ದು ಬರುತ್ತದೆ. ನಿವೃತ್ತ ಶಿಕ್ಷಕಿಯೊಬ್ಬರು, ಎಲ್ಲರೂ ಟೀಚರಮ್ಮ ಎನ್ನುವವರು, ಒಂದೊಂದೇ ಮೆಟ್ಟಿಲು ಏರಿ ಬರುತ್ತಿದ್ದಾರೆ. ಮುಖ ಕೆಂಪಾಗಿದೆ. ಯಾರನ್ನೂ ಗಮನಿಸದೆ ಸೀದಾ ಬೇರಿನ ಬಳಿ ಬಂದು ನಿಲ್ಲುತ್ತಾರೆ.

"ಜರುಗೋ ಮೇಸ್ತ್ರಿ. ಇದು ನನ್ನ ಜಾಗ." ಮೇಸ್ತ್ರಿ ಜರುಗುತ್ತಾನೆ. ಕೂತ ಮೇಲೆ ಅವರ ದೃಷ್ಟಿ ಮೇಲ್ವಿಚಾರಕರ ಮೇಲೆ ಬೀಳುತ್ತದೆ. "ನೀವು ಹೊಸಬರಾ? ಇಲ್ಲಿ ಕೂತ್ರೆ ಮಂಡಿಗೆ ಒಳ್ಳೇದು. ಎದ್ದೇಳೋವಾಗ ಆ ಗಂಟು ಹಿಡ್ಕೊಂಡು ಏಳಿ."

"ನಾನು ಲೇಸು ಕಟ್ಕೊಳ್ತಿದ್ದೆ," ಎನ್ನುತ್ತಾರೆ ಮೇಲ್ವಿಚಾರಕರು.

"ಹೌದೌದು. ನಾನೂ ಮೊದಮೊದಲು ಕನ್ನಡಕ ಒರೆಸ್ಕೊತಿದ್ದೆ."

ದಾರಿಯಕ್ಕ ವಿಷಯ ತಿಳಿಸುತ್ತಾರೆ. ನಾಳೆಯಿಂದ ಮೇಸ್ತ್ರಿ ಬರುವುದಿಲ್ಲ ಎನ್ನುತ್ತಾರೆ. ಟೀಚರಮ್ಮ ಕೋಲನ್ನು ನೆಲಕ್ಕೆ ಕುಟ್ಟುತ್ತಾರೆ.

"ಯಾಕೆ ಬರಲ್ಲ? ವರ್ಷಗಟ್ಟಲೆ ನಾನು ಮೊದಲನೇ ದಾಟುಗಲ್ಲಿಂದಾನೇ ವಾಪಸ್ ಹೋಗ್ತಿದ್ದೆ ಕಣ್ರೀ. ಅದರಾಚೆ ಮಂಡಿ ಕೇಳ್ತಿರ್ಲಿಲ್ಲ. ನಡುವೆ ನಿಂತ್ರೆ ಹಿಂದೆ ಬರೋರು ಏನಾಯ್ತು ಏನಾಯ್ತು ಅಂತ ಕೇಳ್ತಾರೆ, ಮರ್ಯಾದೆ ಹೋಗತ್ತೆ. ಈ ವರ್ಷ ನೋಡಿದ್ರೆ ದಾರಿ ತುಂಬ ಕೆಂಪು ಬಟ್ಟೆ. ಕೆಂಪು ಬಟ್ಟೆ ಹತ್ರ ಯಾರು ನಿಂತ್ರೂ ಯಾರೂ ಕೇಳಲ್ಲ. ನಾನೂ ನಿಂತೆ. ಉಸಿರು ಬಂತು, ಇನ್ನೊಂದು ಬಟ್ಟೆವರೆಗೆ ಹೋದೆ. ಹಿಂಗೇ ಒಂದು ದಿನ ತಲೆ ಎತ್ತಿ ನೋಡ್ತೀನಿ, ಎದುರಿಗೆ ಜಲಪಾತ!" ಅವರು ಮೇಸ್ತ್ರಿಯ ಮಡಚಿದ ಕಿವಿಯನ್ನು ನೇವರಿಸುತ್ತಾರೆ. "ನಲ್ಲಿ ಬಿಟ್ಟಂಗಿದೆ ಅಂತಾಳೆ ಇವಳು. ನಾನು ಅತ್ತುಬಿಟ್ಟೆ."

ಮೇಲ್ವಿಚಾರಕರು ತಾವು ಕೂತ ಬೇರನ್ನು ನೋಡುತ್ತಾರೆ, ಕೆಳಗಿನ ತಿರುವನ್ನು ನೋಡುತ್ತಾರೆ, ತಮ್ಮ ಲೇಸುಗಳನ್ನು ನೋಡುತ್ತಾರೆ. ಅವರು ಇವತ್ತು ಎಲ್ಲೆಲ್ಲಿ ಕೂತಿದ್ದರೋ ಅದು ಅವರಿಗೂ ಚೆನ್ನಾಗಿ ನೆನಪಿರಬೇಕು.

"ಕೂರೋಕೆ ಮರದ ದಿಮ್ಮಿ ಹಾಕಿಸಬಹುದು," ಎನ್ನುತ್ತಾರೆ ಕೊನೆಗೆ, ಯಾರಿಗೂ ಹೇಳದವರಂತೆ. "ಎಲ್ಲೆಲ್ಲಿ ಅಂತ ಗೊತ್ತಾಗಬೇಕಷ್ಟೆ."

"ಗೊತ್ತಿರೋನು ಇಲ್ಲೇ ಕೂತಿದಾನಲ್ಲ," ಎನ್ನುತ್ತಾರೆ ಟೀಚರಮ್ಮ.

"ಹಾಗಾದ್ರೆ ಅವನೇ ತೋರಿಸಲಿ. ಅದೂ ಕೆಲಸಾನೇ." ಮೇಲ್ವಿಚಾರಕರು ದಾರಿಯಕ್ಕನ ಕಡೆ ತಿರುಗುತ್ತಾರೆ. ದನಿ ಮತ್ತೆ ಸಾಹೇಬರದಾಗುತ್ತದೆ. "ಆದ್ರೆ ಕಲ್ಲಿನ ವಿಷಯಕ್ಕೆ ಇನ್ನು ಅವನ ಮಾತಿಲ್ಲ. ಅದನ್ನ ನಿಮ್ಮ ಕಾಲಲ್ಲಿ ನೀವೇ ನೋಡಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳಿ. ಬೇರೆಯವರನ್ನ ಹಾಕ್ತೀನಿ, ಅವರಿಗೆ ಅವನ ಅಗತ್ಯ ಇರಲ್ಲ."

ಹೊಸಬರು ಬಂದರೆ ಅವರ ಹಿಂದೆ ಮೇಸ್ತ್ರಿ ಬರುವ ಹಾಗಿಲ್ಲ, ಅಷ್ಟು ನಮಗೆಲ್ಲ ಅರ್ಥವಾಗುತ್ತದೆ. ದಾರಿಯಕ್ಕ ಎಡಗಾಲನ್ನು ನೋಡಿಕೊಳ್ಳುತ್ತಾರೆ. ನಾದಿನಿಯ ಹಾಗೆ ಸುಳ್ಳು ಹೇಳುವ ಕಾಲು. ಮೂತಿ ಇನ್ನೂ ಅದರ ಮೇಲೇ ಇದೆ.

"ನೋಡ್ತೀನಿ ಸರ್," ಎನ್ನುತ್ತಾರೆ.

ಟೀಚರಮ್ಮ ಬೇರಿನ ಗಂಟು ಹಿಡಿದು ಏಳುತ್ತಾರೆ. "ಬನ್ನಿ ಸಾಹೇಬ್ರೇ, ನಲ್ಲಿ ನೋಡ್ಕೊಂಡು ಬರೋಣ. ಅಥವಾ ಇನ್ನೂ ಲೇಸು ಕಟ್ಟೋದಿದೆಯಾ?" ಇಬ್ಬರೂ ಮೇಲಕ್ಕೆ ಹೋಗುತ್ತಾರೆ. ಒಬ್ಬರಿಗೆ ಕೋಲು ಆಸರೆ, ಇನ್ನೊಬ್ಬರಿಗೆ ಕೋಲು ಹಿಡಿದವರೇ ಆಸರೆ.

ನಾವು ಇಳಿಯುತ್ತೇವೆ. ಎರಡನೆಯ ದಾಟುಗಲ್ಲಿನ ದಂಡೆಗೆ ಬಂದಾಗ ಅಭ್ಯಾಸದಂತೆ ಮೇಸ್ತ್ರಿ ಮುಂದಾಗುತ್ತಾನೆ. ದಾರಿಯಕ್ಕ ಅವನ ಎದೆಗೆ ಕೈ ಅಡ್ಡ ಹಿಡಿಯುತ್ತಾರೆ. "ನಿಲ್ಲು. ಇವತ್ತು ನಾನು ಮೊದಲು." ಅವನಿಗೆ ಅರ್ಥವಾಗುವುದಿಲ್ಲ. ಕುಂಯ್ ಎನ್ನುತ್ತಾನೆ, ಕೈಯ ಕೆಳಗೆ ನುಸುಳಲು ನೋಡುತ್ತಾನೆ. "ನಿಲ್ಲು ಅಂದ್ನಲ್ಲ. ಹನ್ನೆರಡು ವರ್ಷ ನೀನು ಮುಂದೆ ನಡೆದಿಲ್ವಾ?"

ಅವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಬರಿಗಾಲು. ಮೊದಲ ಕಲ್ಲು. ಅಂಗಾಲನ್ನು ಇಡೀ ಒತ್ತಿ, ಕಣ್ಣು ಮುಚ್ಚಿ, ಯಾರೋ ಬಾಗಿಲಾಚೆ ಪಿಸುಗುಟ್ಟುವುದನ್ನು ಕೇಳಿಸಿಕೊಳ್ಳುವವರ ಹಾಗೆ ನಿಲ್ಲುತ್ತಾರೆ. ಎರಡನೆಯ ಕಲ್ಲು. ಮೂರನೆಯದು. ಹಿಂದೆ ಮೇಸ್ತ್ರಿ ತಡೆಯಲಾರದೆ ಮುಂಗಾಲನ್ನು ಮೊದಲ ಕಲ್ಲಿನ ಮೇಲೆ ಊರಿದ್ದಾನೆ.

ನಾಲ್ಕನೆಯ ಕಲ್ಲಿಗೆ ಎಡಗಾಲು ಚಾಚುತ್ತಾರೆ. ಒತ್ತುತ್ತಾರೆ. ಒತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ನನಗೆ ಏನೂ ಕಾಣಿಸುವುದಿಲ್ಲ. ಕಲ್ಲು ಕಲ್ಲಿನ ಹಾಗೇ ಇದೆ, ನೀರು ಅದರ ಎರಡೂ ಬದಿಯಲ್ಲಿ ಹರಿಯುತ್ತಿದೆ. ದಾರಿಯಕ್ಕ ಇನ್ನೊಮ್ಮೆ ಒತ್ತಿ ನೋಡುತ್ತಾರೆ. ಆಮೇಲೆ, ಸೀರೆ ನೆನೆದರೆ ನೆನೆಯಲಿ ಎಂದು, ಮೂರನೆಯ ಕಲ್ಲಿನ ಮೇಲೆ, ತೊರೆಯ ನಡುವೆ, ಕೂತುಬಿಡುತ್ತಾರೆ.

ಹಿಂದೆ ಬರುತ್ತಿದ್ದ ಮೇಸ್ತ್ರಿ ನಿಲ್ಲುತ್ತಾನೆ. ನೆಟ್ಟಗಿನ ಕಿವಿ ಮುಂದಕ್ಕೆ ಬಾಗುತ್ತದೆ. ಕೂತ ದಾರಿಯಕ್ಕನನ್ನು ಒಂದು ಗಳಿಗೆ ನೋಡುತ್ತಾನೆ. ಊರಿದ್ದ ಮುಂಗಾಲನ್ನು ಹಿಂತೆಗೆದು, ದಂಡೆಯ ಮೇಲೆ ತಾನೂ ಕೂರುತ್ತಾನೆ.

ನಾನು ಹಾರೆ ಚಾಚಿ ಕೊಟ್ಟರೆ ದಾರಿಯಕ್ಕ ಸುಮ್ಮನೆ ತಾಗಿಸುತ್ತಾರೆ, ಕಲ್ಲು ಪಕ್ಕಕ್ಕೆ ಹೊರಳುತ್ತದೆ. ಬೆಳಿಗ್ಗೆ ಮೇಲ್ವಿಚಾರಕರು ಆ ಕಡೆ ಈ ಕಡೆ ಮೀಟಿ ಮೀಟಿ ಅಡಿಯ ಜಲ್ಲಿಯನ್ನೆಲ್ಲ ಸಡಿಲ ಮಾಡಿಟ್ಟಿದ್ದಾರೆ, ಅಲ್ಲಿಂದೀಚೆಗೆ ನೀರು ಅದನ್ನು ಕೊಚ್ಚಿಕೊಂಡು ಹೋಗಿದೆ. "ಪರೀಕ್ಷೆ ಮಾಡಿದ್ದು ಅವರು, ಫೇಲ್ ಆಗಿದ್ದು ಕಲ್ಲು," ಎಂದು ನಗುತ್ತಾರೆ. ಆ ನಗು ಎಷ್ಟು ಹೊತ್ತಾದರೂ ನಿಲ್ಲುವುದಿಲ್ಲ, ಕಣ್ಣಿನಲ್ಲಿ ನೀರು ಬರುತ್ತದೆ, ಸೆರಗು ಪೂರ್ತಿ ತೊರೆಯಲ್ಲಿ ತೇಲುತ್ತದೆ. ನೀರಿನಲ್ಲಿ ಸಿಕ್ಕ ಒಂದು ಕಡ್ಡಿಯನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ, ಕೊನೆಯ ಕೆಂಪು ಪಟ್ಟಿಯನ್ನು ಅದಕ್ಕೆ ಕಟ್ಟುತ್ತಾರೆ.

ದಂಡೆಯಿಂದ ಮೇಸ್ತ್ರಿ ಒಂದು ಸಲ ಬೊಗಳುತ್ತಾನೆ.

"ಆಯ್ತಪ್ಪಾ, ಕೇಳಿಸ್ತು," ಎನ್ನುತ್ತಾರೆ ದಾರಿಯಕ್ಕ. ನನ್ನ ಕಡೆ ತಿರುಗಿ, ಮುಖಕ್ಕಂಟಿದ ಜೇಡರ ಬಲೆಯನ್ನು ಒದ್ದೆ ಕೈಯಿಂದ ಒರೆಸಿಕೊಳ್ಳುತ್ತಾರೆ. "ಕಲ್ಲು ಹೊರೋ ಕೆಲಸ ಹೆಂಗೂ ನಂದೇ ಇತ್ತು. ಈಗ ಕೂರೋ ಕೆಲಸಾನೂ ಬಂತು ನೋಡಿ."